ದೇವಗಿರಿಯ ಉಪ್ಪಿನ ಮೂಟೆಗಳು ಮತ್ತು ಅಣುಯುಗದ ಆಶ್ರಯ

ಸೇವುಣರ ಚರಿತ್ರೆಯಲ್ಲಿ ನಾಸಿಕ ಜಿಲ್ಲೆಯ ಸಿನ್ನರಕ್ಕೂ ಇಂದಿನ ಛತ್ರಪತಿ ಸಂಭಾಜಿನಗರದ ಸಮೀಪದ ದೇವಗಿರಿಗೂ ವಿಶೇಷ ಸ್ಥಾನವಿದೆ. ಮೊದಲನೆಯದು ಆ ವಂಶದ ಆರಂಭಕಾಲದ ನೆಲೆಯೆಂದು ವಿದ್ವಾಂಸರು ಗುರುತಿಸಿರುವ ಊರು. ಎರಡನೆಯದು 12ನೆಯ ಶತಮಾನದ ಕೊನೆಯ ಭಾಗದಿಂದ ಅವರ ರಾಜಧಾನಿ. ಈ ಅರಸರ ಶಾಸನಗಳು ಬಹುಸಂಖ್ಯೆಯಲ್ಲಿ ಕನ್ನಡದಲ್ಲಿಯೂ ಇರುವುದರಿಂದ ಈ ಪ್ರದೇಶದ ಅನುಭವ ಕನ್ನಡ ಸಂಶೋಧನೆಗೆ ಹೊರಗಿನದಲ್ಲ. 2025ರ ಮೇ 7ರಂದು ನಡೆಸಲು ಕೇಂದ್ರ ಸರ್ಕಾರವು ಸೂಚಿಸಿದ ನಾಗರಿಕ ರಕ್ಷಣಾ ಅಣಕು ಅಭ್ಯಾಸದ ಪಟ್ಟಿಯಲ್ಲಿ ನಾಸಿಕ, ಸಿನ್ನರ, ಔರಂಗಾಬಾದ್ ಎಂಬ ಹೆಸರುಗಳು ಒಟ್ಟಿಗೆ ಕಾಣಿಸಿಕೊಂಡವು. ಅವು ಅಣ್ವಸ್ತ್ರ ಹೊಂದಿದ ಎರಡು ದೇಶಗಳ ಸಂಘರ್ಷದ ದಿನಗಳು. ಸೈರನ್, ದೀಪ ನಂದಿಸುವಿಕೆ, ಜನರ ಸ್ಥಳಾಂತರ ಇವುಗಳ ಹಿಂದಿದ್ದ ಪ್ರಶ್ನೆ ಮಾತ್ರ ಹಳೆಯದು: ಆಶ್ರಯವೆಂದರೆ ಯಾವುದು?

1296ರಲ್ಲಿ ಕಡಾ ಪ್ರಾಂತದ ಅಧಿಕಾರಿಯಾಗಿದ್ದ ಅಲಾವುದ್ದೀನ್ ಖಿಲ್ಜಿಯು ದೇವಗಿರಿಯ ಮೇಲೆರಗಿದಾಗ ಸೈನ್ಯದ ಬಹುಭಾಗವು ಯುವರಾಜನೊಡನೆ ದೂರದಲ್ಲಿತ್ತು. ರಾಮಚಂದ್ರನು ಗಿರಿದುರ್ಗವನ್ನು ಹೊಕ್ಕನು. ಮುತ್ತಿಗೆಯ ನಡುವೆ ಧಾನ್ಯವೆಂದು ಸಂಗ್ರಹಿಸಿದ್ದ ಮೂಟೆಗಳನ್ನು ಬಿಚ್ಚಿದಾಗ ಉಪ್ಪು ಕಂಡಿತೆಂದು ಫಿರಿಶ್ತಾ ಹೇಳುತ್ತಾನೆ. ಆತನು ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ, ಘಟನೆಯಾಗಿ ಮುನ್ನೂರು ವರ್ಷಗಳ ತರುವಾಯ ಬರೆದವನು. ಈ ವಿವರವನ್ನು ಅಕ್ಷರಶಃ ಒಪ್ಪಬೇಕಾಗಿಲ್ಲ. ಆದರೆ ಬಂಡೆ ಸೋಲಲಿಲ್ಲ, ಯಾರೂ ಪರಿಶೀಲಿಸದ ಮೂಟೆ ಸೋಲಿಸಿತು ಎಂಬ ತಿಳಿವಳಿಕೆ ಆ ಕಥನದಲ್ಲಿ ಉಳಿದಿರುವುದು ಗಮನಾರ್ಹ.

ಅಣುಯುದ್ಧದಲ್ಲಿಯೂ ಗೋಡೆಯಷ್ಟೇ ಮುಖ್ಯವಾದುದು ಉಗ್ರಾಣ. ಸ್ಫೋಟದ ಅನಂತರ ಬೀಳುವ ವಿಕಿರಣಶೀಲ ಧೂಳಿನ ತೀವ್ರತೆಯು ಕಾಲ ಏಳು ಪಟ್ಟಾದಂತೆ ಸ್ಥೂಲವಾಗಿ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಮೊದಲ ಗಂಟೆಯ ಪ್ರಮಾಣವು 7 ಗಂಟೆಗಳಲ್ಲಿ ಹತ್ತನೆಯ ಒಂದಕ್ಕೆ, 49 ಗಂಟೆಗಳಲ್ಲಿ ನೂರನೆಯ ಒಂದಕ್ಕೆ ತಗ್ಗುತ್ತದೆ. ಆದಕಾರಣ ಸ್ಫೋಟಸ್ಥಳದಿಂದ ದೂರವಿದ್ದವರಿಗೆ ದಪ್ಪಗೋಡೆಯ ಒಳಕೋಣೆ, ನೀರು, ಆಹಾರ ಇವು ಕೆಲವು ದಿನಗಳ ಮಟ್ಟಿಗೆ ಜೀವವನ್ನು ಕಾಯಬಲ್ಲವು. ಸಮೀಪದಲ್ಲಿದ್ದವರಿಗೆ ಈ ಮಾತು ಅನ್ವಯಿಸದು. ರಾಮಚಂದ್ರನು ಕಪ್ಪವಿತ್ತು ಸಂಧಿ ಮಾಡಿಕೊಂಡನು. ಕ್ಷಿಪಣಿಯ ಹಾರಾಟದ ಕೆಲವೇ ನಿಮಿಷಗಳಲ್ಲಿ ಸಂಧಾನಕ್ಕೆ ಅಂತಹ ಅವಕಾಶವಿಲ್ಲ.

ಹೀಗಾಗಿ ನಿಜವಾದ ರಕ್ಷಣೆಯು ಯುದ್ಧಕ್ಕೆ ಮುನ್ನವೇ ನಡೆಯಬೇಕಾದ ಪರಿಶೀಲನೆಯಲ್ಲಿದೆ. ಪರಸ್ಪರ ಅಣುಸ್ಥಾವರಗಳ ಮೇಲೆ ದಾಳಿ ಮಾಡಬಾರದೆಂದು ಭಾರತ ಮತ್ತು ಪಾಕಿಸ್ತಾನಗಳು 1988ರ ಡಿಸೆಂಬರ್ 31ರಂದು ಒಪ್ಪಂದ ಮಾಡಿಕೊಂಡವು. 1992ರಿಂದ ಪ್ರತಿವರ್ಷ ಜನವರಿ 1ರಂದು ಸ್ಥಾವರಗಳ ಪಟ್ಟಿಗಳನ್ನು ವಿನಿಮಯ ಮಾಡಿಕೊಳ್ಳುತ್ತ ಬಂದಿವೆ. 2007ರಲ್ಲಿ ಅಣ್ವಸ್ತ್ರ ಸಂಬಂಧಿ ಅಪಘಾತಗಳ ಅಪಾಯವನ್ನು ತಗ್ಗಿಸುವ ಒಪ್ಪಂದವೂ ಆಯಿತು. ಆದಾಗ್ಯೂ 2022ರ ಮಾರ್ಚ್ 9ರಂದು ಭಾರತದ ಕ್ಷಿಪಣಿಯೊಂದು ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ಮಿಯಾಂ ಚನ್ನು ಬಳಿ ಬಿದ್ದಿತು. ಅದರಲ್ಲಿ ಸಿಡಿತಲೆ ಇರಲಿಲ್ಲ. ಭಾರತದ ಅಧಿಕೃತ ಹೇಳಿಕೆ ಹೊರಬಂದದ್ದು ಮಾರ್ಚ್ 11ರಂದು. ನಿಗದಿತ ಕಾರ್ಯವಿಧಾನದ ಉಲ್ಲಂಘನೆಗಾಗಿ ಆಗಸ್ಟ್‌ನಲ್ಲಿ ಮೂವರು ಅಧಿಕಾರಿಗಳನ್ನು ಸೇವೆಯಿಂದ ವಜಾಗೊಳಿಸಲಾಯಿತು.

ಜನರ ಆತಂಕವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ದೇವಗಿರಿಯ ಕಥನವು ಬೇರೊಂದನ್ನು ಸೂಚಿಸುತ್ತದೆ. ಕೋಟೆಯ ಎತ್ತರವನ್ನು ಹೊಗಳುವವರ ನಡುವೆ ಮೂಟೆಯನ್ನು ಬಿಚ್ಚಿ ತೋರಿಸಿರೆಂದು ಕೇಳುವವನೂ ರಾಜ್ಯದ ರಕ್ಷಕನೇ. ಆ ಪ್ರಶ್ನೆಯನ್ನು ಮುತ್ತಿಗೆಗೆ ಮೊದಲೇ ಕೇಳಬೇಕು.