ಪ್ರಯೋಗಶಾಲೆ ಮನೆಗೆ ಬಂದ ಬಗೆ

ನಮ್ಮ ಪ್ರೌಢಶಾಲೆಗಳ ವಿಜ್ಞಾನ ಕೊಠಡಿ ಎಂದೊಡನೆ ಅನೇಕರಿಗೆ ನೆನಪಾಗುವುದು ಬೀಗ ಹಾಕಿದ ಗಾಜಿನ ಕಪಾಟು. ಸೂಕ್ಷ್ಮದರ್ಶಕ ಒಂದು, ಮಕ್ಕಳು ಐವತ್ತು. ಶಿಕ್ಷಕರು ಮಾಡಿ ತೋರಿಸಬೇಕು, ಮಕ್ಕಳು ಕೈಕಟ್ಟಿ ನೋಡಬೇಕು. ಒಡೆದರೆ ಇನ್ನೊಂದು ಬರುವುದು ಯಾವ ಕಾಲಕ್ಕೋ! ಉಪಕರಣ ದುಬಾರಿಯಾದಲ್ಲಿ ತಪ್ಪು ಮಾಡಿ ಕಲಿಯುವ ಅವಕಾಶವೂ ದುಬಾರಿಯಾಗುತ್ತದೆ ಎಂಬುದನ್ನು ನಾನು ಅಧ್ಯಾಪನದ ವರ್ಷಗಳುದ್ದಕ್ಕೂ ಕಂಡಿದ್ದೇನೆ. ಗಣಕವಿದ್ಯೆಯಲ್ಲಿ ಆ ಕಪಾಟಿನ ಬೀಗ ತೆರೆದ ಕಥೆಯನ್ನು ಇಲ್ಲಿ ಹೇಳಹೊರಟಿದ್ದೇನೆ. ನಿಮ್ಮಲ್ಲಿ ಅನೇಕರು ಈ ಉದ್ಯೋಗದಲ್ಲಿಯೇ ಇದ್ದೀರಿ. ಉಳಿದವರ ಮಕ್ಕಳು ಅದರ ಪರೀಕ್ಷೆಗಳಿಗೆ ಓದುತ್ತಿದ್ದಾರೆ.

ಮೊದಲು ವಿಷಯವೇನೆಂದು ಸ್ಪಷ್ಟಪಡಿಸುತ್ತೇನೆ. ಒಂದೇ ಗಣಕಯಂತ್ರದೊಳಗೆ, ತಂತ್ರಾಂಶದ ಬಲದಿಂದ, ಹಲವು ಗಣಕಗಳು ಬೇರೆಬೇರೆಯಾಗಿ ಕೆಲಸ ಮಾಡುವಂತೆ ಏರ್ಪಡಿಸಬಹುದು. ಇವುಗಳಿಗೆ ವರ್ಚುವಲ್ ಯಂತ್ರಗಳೆಂದು ಹೆಸರು. ನಮ್ಮ ಸಾಣಿಕಟ್ಟೆಯ ಉಪ್ಪಿನಾಗರವನ್ನು ನೆನೆಯಿರಿ. ಒಳಬರುವ ಉಬ್ಬರದ ನೀರು ಒಂದೇ. ಒಡ್ಡು ಕಟ್ಟಿ ಅದನ್ನು ಮಡಿಮಡಿಯಾಗಿ ಹಂಚುತ್ತಾರೆ. ಒಂದು ಮಡಿಯ ನೀರು ಕೆಟ್ಟರೆ ಪಕ್ಕದ ಮಡಿಗೆ ಬಾಧೆಯಿಲ್ಲ. ಇಲ್ಲಿ ನೀರೆಂದರೆ ಯಂತ್ರದ ಸ್ಮೃತಿ ಮತ್ತು ಸಂಸ್ಕಾರಕ. ಒಡ್ಡು ಕಾಯುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎನ್ನುತ್ತಾರೆ.

ಈ ಯುಕ್ತಿ ಹುಟ್ಟಿದ್ದು ಕೊರತೆಯಿಂದ. 1960ರ ದಶಕದಲ್ಲಿ ಗಣಕವೆಂದರೆ ಕೋಣೆ ತುಂಬುವ, ಭಾರೀ ಬೆಲೆಯ ಯಂತ್ರ. ಅಮೆರಿಕದ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ವಿಜ್ಞಾನ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ ಮತ್ತು ಲೆಸ್ ಕೋಮೋ ಅವರ ತಂಡ ಸಿಪಿ-40 ಎಂಬ ವ್ಯವಸ್ಥೆಯನ್ನು ರೂಪಿಸಿ 1967ರಲ್ಲಿ ಬಳಕೆಗೆ ತಂದಿತು. ಅದರಲ್ಲಿ ಒಂದೇ ಯಂತ್ರ 14 ಯಂತ್ರಗಳಾಗಿ ತೋರಬಲ್ಲದಾಗಿತ್ತು. ಪ್ರತಿಯೊಬ್ಬ ಬಳಕೆದಾರನಿಗೂ ಇಡೀ ಗಣಕ ತನ್ನದೇ ಎಂಬ ಭಾವನೆ. 1972ರಲ್ಲಿ ಐಬಿಎಂ ಇದನ್ನೇ ವಿಎಂ/370 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅದೇ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಐಬಿಎಂ 360/44 ಯಂತ್ರವಿತ್ತು. ರಂಧ್ರ ಕೊರೆದ ಕಾರ್ಡುಗಳನ್ನು ಒಪ್ಪಿಸಿ ಫಲಿತಾಂಶಕ್ಕಾಗಿ ಕಾಯುವುದೇ ಅಂದಿನ ಕ್ರಮ. ವಿದೇಶಿ ಬಂಡವಾಳದ ನಿಯಮಗಳಿಗೆ ಒಪ್ಪದೆ ಐಬಿಎಂ 1978ರಲ್ಲಿ ಭಾರತವನ್ನೇ ತೊರೆಯಿತು.

ಮುಂದೆ ಮೇಜಿನ ಮೇಲೆ ಕೂರುವ ಚಿಕ್ಕ ಗಣಕಗಳು ಬಂದವು. ಆದರೆ ಅವುಗಳ ಇಂಟೆಲ್ ಸಂಸ್ಕಾರಕಗಳು ಹೀಗೆ ಹಂಚಿಕೊಳ್ಳಲು ಒಗ್ಗುತ್ತಿರಲಿಲ್ಲ. ಪೆಂಟಿಯಂನ 17 ಆದೇಶಗಳು ಕಾವಲುಗಾರನ ಕಣ್ಣಿಗೆ ಬೀಳದೆ ಒಡ್ಡು ದಾಟಿಬಿಡುವಂಥವು. ಅಂಥವನ್ನು ಓಡುತ್ತಿರುವಾಗಲೇ ಪತ್ತೆಹಚ್ಚಿ, ಅಪಾಯವಿಲ್ಲದ ಆದೇಶಗಳಾಗಿ ಬದಲಿಸುವ ಉಪಾಯದಿಂದ ಈ ತೊಡಕನ್ನು ಗೆದ್ದದ್ದು 1998ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭವಾದ ವಿಎಂವೇರ್ ಸಂಸ್ಥೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮೆಂಡೆಲ್ ರೋಸೆನ್‌ಬ್ಲಮ್ ಮತ್ತು ಅವರ ಪತ್ನಿ ಡಯೇನ್ ಗ್ರೀನ್ ಇದರ ಸ್ಥಾಪಕರಲ್ಲಿ ಇಬ್ಬರು. ಕಡಲತೀರದ ನಮಗೆ ಕುತೂಹಲದ ಸಂಗತಿಯೆಂದರೆ, ಗ್ರೀನ್ ಅವರು ಹಡಗು ನಿರ್ಮಾಣಶಾಸ್ತ್ರದಲ್ಲಿಯೂ ಸ್ನಾತಕೋತ್ತರ ಪದವಿ ಪಡೆದವರು! 1999ರಲ್ಲಿ ಅವರ ತಂತ್ರಾಂಶ ಹೊರಬಂದಾಗ, ಕೋಣೆ ತುಂಬುವ ಯಂತ್ರದ ಯುಕ್ತಿ ಮೇಜಿನ ಮೇಲೆ ಬಂದಿತು.

ಅದೇ ಹೊತ್ತಿಗೆ ಇನ್ನೊಂದು ಬದಲಾವಣೆಯೂ ನಡೆದಿತ್ತು. ಪದವಿಯ ಜೊತೆಗೆ ಕಂಪನಿಗಳೇ ನೀಡುವ ಪ್ರಮಾಣಪತ್ರಗಳಿಗೆ ಬೆಲೆ ಬರತೊಡಗಿತ್ತು. ಸಿಸ್ಕೋದ ಸಿಸಿಐಇ 1993ರಲ್ಲಿ, ಸಿಸಿಎನ್‌ಎ 1998ರಲ್ಲಿ, ರೆಡ್ ಹ್ಯಾಟ್‌ನ ಆರ್‌ಎಚ್‌ಸಿಇ 1999ರಲ್ಲಿ ಆರಂಭವಾದವು. ಇವುಗಳಲ್ಲಿ ಸಿಸಿಐಇ ಮತ್ತು ಆರ್‌ಎಚ್‌ಸಿಇ ಕೈಯಿಂದ ಮಾಡಿ ತೋರಿಸಬೇಕಾದ ಪರೀಕ್ಷೆಗಳು. ಸಿಸಿಐಇಯ ಪ್ರಾಯೋಗಿಕ ಪರೀಕ್ಷೆ ಮೊದಲು ಎರಡು ದಿನಗಳದ್ದಾಗಿತ್ತು. 2001ರಲ್ಲಿ ಒಂದು ದಿನಕ್ಕೆ ಇಳಿಯಿತು. ಅದರ ಕೇಂದ್ರಗಳಲ್ಲಿ ಬೆಂಗಳೂರೂ ಒಂದಾಯಿತು.

ಆದರೆ ಅಭ್ಯಾಸಕ್ಕೆ ಯಂತ್ರಗಳೆಲ್ಲಿ? ಅನುಕೂಲಸ್ಥರು ಬೆಂಗಳೂರಿನ ತರಬೇತಿ ಕೇಂದ್ರಗಳಲ್ಲಿ ಶುಲ್ಕ ತೆತ್ತು ಗಂಟೆಗಳ ಲೆಕ್ಕದಲ್ಲಿ ಮುಟ್ಟುತ್ತಿದ್ದರು. ಇನ್ನು ಕೆಲವರು ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಹಳೆಯ ರೌಟರುಗಳಿಗಾಗಿ ಅಲೆಯುತ್ತಿದ್ದರು. ಹಾರವಾಡ, ಅವರ್ಸಾ, ಅಂಕೋಲೆಗಳ ಹುಡುಗ ರಾತ್ರಿ ಬಸ್ಸು ಹತ್ತಿ, ಅರಬೈಲು ಘಟ್ಟವೇರಿ, ಕೋಣೆಯ ಬಾಡಿಗೆಯನ್ನೂ ಊಟದ ಖರ್ಚನ್ನೂ ಹೊಂದಿಸಿಕೊಂಡ ಮೇಲಷ್ಟೇ ಆ ಯಂತ್ರದ ಮುಖ ಕಾಣಬೇಕಿತ್ತು. ಹುಡುಗಿಯಾದರೆ ಮನೆಯ ಒಪ್ಪಿಗೆ ಬೇರೆ. 1998ರ ಜನವರಿಯಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡಿತು, ಹಾರವಾಡಕ್ಕೂ ನಿಲ್ದಾಣ ಬಂದಿತು. ಆದರೆ ರೈಲು ನಮ್ಮನ್ನು ಯಂತ್ರದ ಬಳಿಗೆ ಒಯ್ಯಬಲ್ಲದೇ ಹೊರತು ಯಂತ್ರವನ್ನು ನಮ್ಮ ಜಗಲಿಗೆ ತರಲಾರದು.

ಅದನ್ನು ತಂದದ್ದು 2005ರಿಂದ 2007ರವರೆಗಿನ ಮೂರು ವರ್ಷಗಳು. 2005ರಲ್ಲಿ ಇಂಟೆಲ್, ಮರುವರ್ಷ ಎಎಂಡಿ, ತಮ್ಮ ಸಂಸ್ಕಾರಕಗಳಲ್ಲಿಯೇ ಈ ಹಂಚಿಕೆಗೆ ಬೇಕಾದ ಸೌಲಭ್ಯವನ್ನು ಅಳವಡಿಸಿದವು. 2005ರಲ್ಲಿಯೇ ಫ್ರಾನ್ಸಿನ ಕ್ರಿಸ್ಟೋಫ್ ಫಿಲ್ಲೋ ಎಂಬುವರು ಸಿಸ್ಕೋ ರೌಟರನ್ನು ಸಾಮಾನ್ಯ ಗಣಕದಲ್ಲಿ ಅನುಕರಿಸುವ ಡೈನಮಿಪ್ಸ್ ಬರೆದರು. ಅದರ ಆಧಾರದ ಮೇಲೆ ಜಿಎನ್‌ಎಸ್3 ಬೆಳೆಯಿತು. 2007ರಲ್ಲಿ ಜರ್ಮನಿಯ ಇನ್ನೋಟೆಕ್ ಸಂಸ್ಥೆ ವರ್ಚುವಲ್‌ಬಾಕ್ಸನ್ನು ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿತು. ಅದೇ ವರ್ಷ ಲಿನಕ್ಸ್‌ನ ತಿರುಳಿನಲ್ಲಿಯೇ ಕೆವಿಎಂ ಸೇರಿತು. ವಿಎಂವೇರ್‌ನ ವರ್ಕ್‌ಸ್ಟೇಷನ್ ಕೂಡ 2024ರಲ್ಲಿ ಎಲ್ಲರಿಗೂ ಉಚಿತವಾಯಿತು.

ಇಂದು ಮನೆಯಲ್ಲಿ ಇಂಥ ಪ್ರಯೋಗಶಾಲೆ ಕಟ್ಟಲು ದೊಡ್ಡ ಸಿದ್ಧತೆ ಬೇಡ. 16 ಜಿಬಿ ಸ್ಮೃತಿಯುಳ್ಳ ಲ್ಯಾಪ್‌ಟಾಪ್ ಇದ್ದರೆ ಆರಾಮ. 8 ಜಿಬಿ ಇದ್ದರೂ ಎರಡು ಚಿಕ್ಕ ಲಿನಕ್ಸ್ ಯಂತ್ರಗಳಿಗೆ ಸಾಕು. ಗಣಕದ ಬಯಾಸ್‌ನಲ್ಲಿ ವರ್ಚುವಲೈಸೇಷನ್ ಸೌಲಭ್ಯ ಚಾಲೂ ಇದೆಯೇ ಎಂದು ಮೊದಲು ನೋಡಬೇಕು. ಅನಂತರ ವರ್ಚುವಲ್‌ಬಾಕ್ಸ್ ಹಾಕಿ, ಒಂದು ಯಂತ್ರವನ್ನು ಸರ್ವರ್ ಆಗಿಯೂ ಇನ್ನೊಂದನ್ನು ಅದರ ಗ್ರಾಹಕನಾಗಿಯೂ ಮಾಡಿ, ಅವೆರಡರ ನಡುವೆ ಹೊರಜಗತ್ತಿಗೆ ಸಂಬಂಧವಿಲ್ಲದ ಖಾಸಗಿ ಜಾಲ ಹೂಡಬೇಕು. ವಿಂಡೋಸ್ ಸರ್ವರಿನ 180 ದಿನಗಳ ಪರೀಕ್ಷಾರ್ಥ ಪ್ರತಿ ಮೈಕ್ರೋಸಾಫ್ಟಿನಿಂದಲೇ ದೊರೆಯುತ್ತದೆ. ಕದ್ದ ಪ್ರತಿಯ ಅಗತ್ಯವೇ ಇಲ್ಲ. ಮಳೆಗಾಲದಲ್ಲಿ ವಿದ್ಯುತ್ತು ಹೋಗುವ ನಮ್ಮೂರಿನಲ್ಲಿ ಬ್ಯಾಟರಿ ಗಟ್ಟಿಯಿರಲಿ. ತಂತ್ರಾಂಶಗಳನ್ನು ಒಮ್ಮೆ ಇಳಿಸಿಕೊಂಡರೆ ಬಹುಪಾಲು ಅಭ್ಯಾಸಕ್ಕೆ ಅಂತರಜಾಲವೂ ಬೇಡ.

ಇದರಲ್ಲಿ ನನ್ನ ಮನಸ್ಸನ್ನು ಅತಿಯಾಗಿ ಸೆಳೆದದ್ದು ಸ್ನ್ಯಾಪ್‌ಶಾಟ್ ಎಂಬ ಸೌಲಭ್ಯ. ಯಂತ್ರದ ಈ ಕ್ಷಣದ ಸ್ಥಿತಿಯನ್ನು ಹಿಡಿದಿಟ್ಟು, ಅನಂತರ ಬೇಕಾದಂತೆ ಕೆಡಿಸಿ, ಒಂದು ಗುಂಡಿ ಒತ್ತಿ ಹಿಂದಿರುಗಬಹುದು. ಕಡತಗಳನ್ನು ಅಳಿಸಿ ನೋಡಿ, ಜಾಲವನ್ನು ಕಡಿದು ನೋಡಿ, ಏಕೆ ಕೆಟ್ಟಿತೆಂದು ಹುಡುಕಿ. ಯಾರೂ ಬೈಯುವುದಿಲ್ಲ, ಯಾವ ಕಪಾಟಿನ ಗಾಜೂ ಒಡೆಯುವುದಿಲ್ಲ. ಸೋರಿದ ಪ್ರಶ್ನೆಗಳ ಕಟ್ಟನ್ನು ಬಾಯಿಪಾಠ ಮಾಡಿ ಪ್ರಮಾಣಪತ್ರ ಗಿಟ್ಟಿಸುವವರೂ ಇದ್ದಾರೆಂದು ಬಲ್ಲೆ. ಅವರಿಗೆ ಕಾಗದ ದೊರೆತೀತು; ಮಧ್ಯರಾತ್ರಿ ಸರ್ವರ್ ನಿಂತಾಗ ಆ ಕಾಗದ ಉತ್ತರ ಹೇಳದು. ಹತ್ತು ಬಾರಿ ಕೆಡಿಸಿ ಹತ್ತು ಬಾರಿ ಸರಿಪಡಿಸಿದ ಕೈಗೆ ಮಾತ್ರ ಆಗ ಧೈರ್ಯವಿರುತ್ತದೆ.

ಬೀಗ ತೆರೆದಿದೆಯೆಂದ ಮಾತ್ರಕ್ಕೆ ಎಲ್ಲರೂ ಒಳಗೆ ಬಂದಂತಾಗಲಿಲ್ಲ. ತಂತ್ರಾಂಶ ಉಚಿತ, ಲ್ಯಾಪ್‌ಟಾಪ್ ಉಚಿತವಲ್ಲ. ಮೊದಲ ಹೆಜ್ಜೆ ತೋರಿಸುವವರೂ ಹಳ್ಳಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ದೂರದಲ್ಲಿರುವ ನನ್ನ ವಿದ್ಯಾರ್ಥಿಗಳೇ, ಈ ಬಾರಿ ಚೌತಿಗೆ ಊರಿಗೆ ಬರುವಾಗ, ನಿಮ್ಮ ಮನೆಯಲ್ಲಿ ಬಳಸದೆ ಇಟ್ಟ ಲ್ಯಾಪ್‌ಟಾಪನ್ನು ಸಿಹಿಪೊಟ್ಟಣದ ಜೊತೆಗೆ ತನ್ನಿ. ನೆರೆಮನೆಯ ಮಗುವಿನೊಡನೆ ಒಂದು ಮಧ್ಯಾಹ್ನ ಕುಳಿತು ಮೊದಲ ಯಂತ್ರವನ್ನು ಹೂಡಿಕೊಡಿ. ಅದನ್ನು ಕೆಡಿಸುವ ಕೆಲಸವನ್ನು ಮಗುವಿಗೇ ಬಿಡಿ.