ಬೂದಿಕೋಟೆಯ ಹುಡುಗನೂ ನಮ್ಮ ಅಂಕಪಟ್ಟಿಯೂ

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ದಿನ ನಮ್ಮ ಮೊಹಲ್ಲಾಗಳಲ್ಲಿ ಎರಡೇ ಮಾತು. ಪಾಸಾದವನು ಜಾಣ, ಫೇಲಾದವನು ದಡ್ಡ. ದಡ್ಡನೆನಿಸಿಕೊಂಡ ಹುಡುಗ ಮರುವಾರವೇ ಗ್ಯಾರೇಜಿಗೋ ವೆಲ್ಡಿಂಗ್ ಅಂಗಡಿಗೋ ಸೇರುತ್ತಾನೆ. ಹುಡುಗಿಯಾದರೆ ಗಂಡು ನೋಡಲು ಶುರು ಮಾಡುತ್ತಾರೆ. ಈ ತೀರ್ಪು ಎಷ್ಟು ಸರಿ ಎಂದು ಯೋಚಿಸಲು ನಾವು ದೂರ ಹೋಗಬೇಕಾಗಿಲ್ಲ. ನವಾಬ್ ಹೈದರ್ ಅಲಿ ಖಾನ್ ಅವರು 1720ರ ಸುಮಾರಿಗೆ ಹುಟ್ಟಿದ್ದು ನಮ್ಮ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿಯೇ.

ಅವರ ತಂದೆ ಫತೇ ಮುಹಮ್ಮದ್ ಶಿರಾದ ಆಡಳಿತಗಾರರ ಸೇವೆಯಲ್ಲಿದ್ದ ಸೇನಾಧಿಕಾರಿ. ಅವರು ಯುದ್ಧದಲ್ಲಿ ಮಡಿದಾಗ ಹೈದರ್ ಇನ್ನೂ ಬಾಲಕ. ಕುಟುಂಬದ ಆಸ್ತಿ ಹೋಯಿತು, ಹಣಕ್ಕಾಗಿ ಮಕ್ಕಳನ್ನೂ ಹಿಂಸಿಸಿದರು, ಕೊನೆಗೆ ಸಂಬಂಧಿಕರ ಆಸರೆಯೇ ಗತಿಯಾಯಿತು. ಅಕ್ಷರ ಕಲಿಯುವ ವಯಸ್ಸು ಹೀಗೆ ಕಳೆದುಹೋಯಿತು. ಮುಂದೆಯೂ ಅವರು ಓದು ಬರಹ ಕಲಿಯಲಿಲ್ಲ. ಕಲಿಯಲು ಯತ್ನಿಸಿದಾಗ ಕೈಗೆ ಬಂದದ್ದು ತಮ್ಮ ಹೆಸರಿನ ಮೊದಲ ಅಕ್ಷರವೊಂದೇ, ಅದನ್ನೂ ತಲೆಕೆಳಗಾಗಿ ಬರೆಯುತ್ತಿದ್ದರು ಎಂದು ಇತಿಹಾಸಕಾರ ವಿಲ್ಕ್ಸ್ ದಾಖಲಿಸಿದ್ದಾನೆ. ಉರ್ದುವಿನಲ್ಲಿ ನಾವು ‘ಬಡೀ ಹೇ’ ಎನ್ನುವ ಅಕ್ಷರ ಅದು. ನನ್ನ ಒಂದನೇ ತರಗತಿಯ ಮಕ್ಕಳು ಎರಡು ದಿನದಲ್ಲಿ ಕಲಿಯುತ್ತಾರೆ!

ಹಾಗಾದರೆ ಅವರು ರಾಜ್ಯ ನಡೆಸಿದ್ದು ಹೇಗೆ? 1779ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಶ್ವಾರ್ಟ್ಸ್ ಎಂಬ ಜರ್ಮನ್ ಪಾದ್ರಿ ಇದನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ನವಾಬರು ಒಬ್ಬ ಗುಮಾಸ್ತನಿಗೆ ಪತ್ರ ಹೇಳಿ ಬರೆಸಿ, ಅವನಿಂದಲೇ ಓದಿಸುತ್ತಿದ್ದರು. ಆಮೇಲೆ ಇನ್ನೊಬ್ಬನನ್ನು ಕರೆಸಿ ಅದೇ ಪತ್ರವನ್ನು ಮತ್ತೆ ಓದಿಸುತ್ತಿದ್ದರು. ತಾವು ಹೇಳಿದ್ದು ಮಾತು ಮಾತಾಗಿ ನೆನಪಿರುತ್ತಿದ್ದುದರಿಂದ, ಬರೆದವನು ಸ್ವಲ್ಪ ತಿರುಚಿದ್ದರೂ ಸಿಕ್ಕಿಬೀಳುತ್ತಿದ್ದ. ಅವನ ತಲೆಗೇ ಅಪಾಯ. (ಈ ಶಿಕ್ಷೆಯನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಉಪಾಯವನ್ನು ಮೆಚ್ಚದಿರಲಾರೆ.) ಕನ್ನಡ, ತೆಲುಗು, ತಮಿಳು, ಮರಾಠಿ, ಹಿಂದೂಸ್ತಾನಿ ಹೀಗೆ ಐದು ಭಾಷೆ ಮಾತನಾಡುತ್ತಿದ್ದರು. ಬಾಯಿಲೆಕ್ಕದಲ್ಲಿ ನುರಿತ ಲೆಕ್ಕಿಗರಿಗಿಂತ ಚುರುಕು. 1769ರಲ್ಲಿ ಮದರಾಸಿನ ಬಾಗಿಲಿಗೇ ಹೋಗಿ ಇಂಗ್ಲಿಷರನ್ನು ಸಂಧಿಗೆ ಒಪ್ಪಿಸಿದರು. 1780ರಲ್ಲಿ ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಸೈನ್ಯವನ್ನು ಸೋಲಿಸಿದರು.

ಇಂಥವರ ಮುಂದೆ ನಮ್ಮ ಮೂರು ಗಂಟೆಯ ಪ್ರಶ್ನೆಪತ್ರಿಕೆ ಇಟ್ಟಿದ್ದರೆ ಸೊನ್ನೆ ಬರುತ್ತಿತ್ತು. ಆ ಸೊನ್ನೆ ಸುಳ್ಳಲ್ಲ. ಅವರಿಗೆ ಬರೆಯಲು ಬರುವುದಿಲ್ಲ ಎಂಬುದನ್ನು ಅದು ಸರಿಯಾಗಿಯೇ ಹೇಳುತ್ತಿತ್ತು. ಅದರಿಂದ ಬುದ್ಧಿಯನ್ನು ಅಳೆಯಲು ಹೊರಟಾಗ ತಪ್ಪಾಗುತ್ತದೆ. 1905ರಲ್ಲಿ ಫ್ರಾನ್ಸಿನಲ್ಲಿ ಬುದ್ಧಿಶಕ್ತಿ ಪರೀಕ್ಷೆಯನ್ನು ರೂಪಿಸಿದ ಆಲ್ಫ್ರೆಡ್ ಬಿನೆಯ ಉದ್ದೇಶವೂ ಹೆಚ್ಚಿನ ಸಹಾಯ ಬೇಕಾದ ಮಕ್ಕಳನ್ನು ಗುರುತಿಸುವುದಾಗಿತ್ತು. ಬುದ್ಧಿ ಹುಟ್ಟಿನಿಂದಲೇ ಇಷ್ಟೇ ಎಂದು ನಿಗದಿಯಾದದ್ದು ಎಂಬುದನ್ನು ಅವನು ಒಪ್ಪಿರಲಿಲ್ಲ. ಬಿ.ಎಡ್. ತರಗತಿಯಲ್ಲಿ ಅವನ ಹೆಸರನ್ನು ನಾವೆಲ್ಲ ಉರು ಹೊಡೆದೆವು, ಈ ಮಾತನ್ನು ಮರೆತೆವು.

ಆದರೆ ವಿದ್ಯಾರ್ಥಿಗಳೇ, ನವಾಬರೇ ಓದಲಿಲ್ಲ, ನಾನೇಕೆ ಓದಲಿ ಎಂದು ಯಾರೂ ಪುಸ್ತಕ ಮುಚ್ಚಬೇಡಿ. ಓದು ಬಾರದವನು ಪ್ರತಿ ಕಾಗದಕ್ಕೂ ಇಬ್ಬರನ್ನು ಕಾಯಬೇಕು. ಅದರ ಕಷ್ಟ ಅವರಿಗೆ ಗೊತ್ತಿತ್ತು. ಆದ್ದರಿಂದಲೇ ಮಗ ಟಿಪ್ಪುವಿಗೆ ಉಸ್ತಾದರನ್ನಿಟ್ಟು ಕಲಿಸಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪು ಸುಲ್ತಾನರ ಗ್ರಂಥಾಲಯದಲ್ಲಿ ಸುಮಾರು 2000 ಹಸ್ತಪ್ರತಿಗಳಿದ್ದವು.

ನಮ್ಮ ಗಡಿಭಾಗದ ಮಕ್ಕಳನ್ನೇ ನೋಡಿ. ಮನೆಯಲ್ಲಿ ದಖನಿ, ಬೀದಿಯಲ್ಲಿ ತೆಲುಗು, ಕೆ.ಜಿ.ಎಫ್.ಗೆ ಹೋದರೆ ತಮಿಳು, ಶಾಲೆಯಲ್ಲಿ ಕನ್ನಡ. ಅಪ್ಪನ ತರಕಾರಿ ಗಾಡಿಯ ಲೆಕ್ಕವನ್ನು ನಿಂತಲ್ಲೇ ಹೇಳುವ ಹುಡುಗ ಗಣಿತದಲ್ಲಿ ಫೇಲಾಗಿದ್ದಾನೆ. ಅಂಕಪಟ್ಟಿಯಲ್ಲಿ ಇದಕ್ಕೆ ಕಾಲಂ ಇಲ್ಲ. ಇತ್ತೀಚೆಗೆ ನಾನು ಕಿರುಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದವರನ್ನು ಬಳಿಗೆ ಕರೆದು ಅದೇ ಪ್ರಶ್ನೆಯನ್ನು ಬಾಯಲ್ಲಿ, ಅವರ ಮನೆಮಾತಿನಲ್ಲಿ ಕೇಳುತ್ತೇನೆ. ಎಷ್ಟೋ ಸಲ ಉತ್ತರ ಅವರಿಗೆ ಗೊತ್ತಿರುತ್ತದೆ, ಪ್ರಶ್ನೆಯ ವಾಕ್ಯ ಅರ್ಥವಾಗಿರುವುದಿಲ್ಲ. ಆಗ ಆ ಮಗುವಿಗೆ ಏನು ಕಲಿಸಬೇಕು ಎಂಬುದು ನನಗೆ ತಿಳಿಯುತ್ತದೆ.