ದೀಪವಾರಿದ ಹೊತ್ತು

ಪಾನಗೃಹವೆಂದರೆ ಮೂಗು ಮುರಿಯುವವರಲ್ಲಿ ನಾನೂ ಒಬ್ಬ. ನ್ಯೂಯಾರ್ಕಿನ ‘ಕೆಫೆ ಸೊಸೈಟಿ’ಯ ಕಥೆ ತಿಳಿದ ಮೇಲೆ ನನ್ನ ಬಿಗುಮಾನ ತುಸು ಸಡಿಲಿದೆ.

ಹಾರ್ಲೆಮ್ಮಿನ ಹೆಸರಾಂತ ‘ಕಾಟನ್ ಕ್ಲಬ್ಬಿ’ನಲ್ಲಿ ಕರಿಯರು ಹಾಡಬಹುದಾಗಿತ್ತು; ಬಿಳಿಯರೊಡನೆ ಕುಳಿತು ಕೇಳುವಂತಿರಲಿಲ್ಲ. ಪಾದರಕ್ಷೆಯ ವ್ಯಾಪಾರಿಯಾಗಿದ್ದ ಬಾರ್ನಿ ಜೋಸೆಫ್‌ಸನ್ 1938ರಲ್ಲಿ ಗ್ರೀನಿಚ್ ವಿಲೇಜಿನ ನೆಲಮಾಳಿಗೆಯೊಂದರಲ್ಲಿ ಎಲ್ಲರಿಗೂ ಬಾಗಿಲು ತೆರೆದ.

1939ರಲ್ಲಿ ಬಿಲಿ ಹಾಲಿಡೇ ಅಲ್ಲಿ ‘ಸ್ಟ್ರೇಂಜ್ ಫ್ರೂಟ್’ ಹಾಡಿದಳು: ಕರಿಯರನ್ನು ಮರಕ್ಕೆ ನೇಣು ಹಾಕುತ್ತಿದ್ದ ಕ್ರೌರ್ಯದ ಹಾಡು ಅದು. ಆಗ ಮಾಣಿಗಳು ನಿಂತಲ್ಲೇ ನಿಲ್ಲುತ್ತಿದ್ದರು. ಅವಳ ಮುಖದ ಮೇಲಿನ ಬೆಳಕೊಂದುಳಿದು ದೀಪಗಳೆಲ್ಲ ಆರುತ್ತಿದ್ದುವು.

1947ರಲ್ಲಿ ಬಾರ್ನಿಯ ಕಮ್ಯುನಿಸ್ಟ್ ಸೋದರನ ಮೇಲೆ ಅಮೆರಿಕದ ಸಂಸತ್ ಸಮಿತಿಯ ಕಣ್ಣು ಬಿತ್ತು. ಪತ್ರಿಕೆಗಳು ಹರಿಹಾಯ್ದುವು, ಗಿರಾಕಿಗಳು ಚದುರಿದರು. ಕೆಲಕಾಲದಲ್ಲೇ ಬಾಗಿಲು ಮುಚ್ಚಿತು.

ಕುಡಿತವನ್ನು ನಾನು ಇಂದಿಗೂ ಮೆಚ್ಚಲಾರೆ. ಆದರೂ ಪಂಕ್ತಿಭೇದ ಕಂಡು ಬೆಳೆದ ನನಗೆ, ಆ ನೆಲಮಾಳಿಗೆಯ ಪಂಕ್ತಿಯೇ ಹೆಚ್ಚು ಮಡಿಯಾಗಿ ತೋರುತ್ತದೆ.